ಡಬ್ಬಿ ಎರಡು, ಆಟ ಒಂದು

ಪುಟ್ಟಾ,

ನೀನು ಮುಗಿಸಿದ ಗೇಮುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ ಬರೆದಿಡುತ್ತಿದ್ದೀಯ ಅಂತ ನಿನ್ನಮ್ಮ ಹೇಳಿದಳು. ಒಳ್ಳೆಯ ಅಭ್ಯಾಸ. ಲೈಬ್ರರಿಯಲ್ಲಿ ಸರ್ವಿಸ್ ಪೂರ್ತಿ ಅದನ್ನೇ ಮಾಡಿದ ನಾನು ಬೇಡ ಅನ್ನುವುದು ಹೇಗೆ? ಆದರೆ ನೀನು ಅಪ್ಪನ ಮುಂದೆ ಹೂಡಿದ ವಾದ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಪೋಕೆಮಾನ್ ಸ್ಕಾರ್ಲೆಟ್ ಮುಗಿದಿದೆ, ಹುಟ್ಟುಹಬ್ಬಕ್ಕೆ ವೈಲೆಟ್ ಕೊಡಿಸಿದರೆ ಪಟ್ಟಿಗೆ ಇನ್ನೊಂದು ಸೇರುತ್ತದೆ, ಯಾಕೆಂದರೆ ಅದು ಬೇರೆಯದೇ ಗೇಮ್ ಅನ್ನುವುದು ನಿನ್ನ ವಾದ. ಮಲ್ಲೇಶ್ವರದಿಂದ ನಿನ್ನ ಅತ್ತೆ ಮಗಳು ಫೋನಿನಲ್ಲೇ "ಎರಡೂ ಒಂದೇ ಕಣೋ" ಅಂತ ಜಗಳಕ್ಕೆ ನಿಂತಳಂತೆ. ಅವಳ ಹತ್ತಿರ ವೈಲೆಟ್ ಇದೆ, ನಿನ್ನ ಹತ್ತಿರ ಇಲ್ಲ. ಜಗಳದ ಬೇರು ಅಲ್ಲೇ ಇದೆ ಅಂತ ನನಗೆ ಅನುಮಾನ.

ನೀವಿಬ್ಬರೂ ನನ್ನ ಮೊಮ್ಮಕ್ಕಳೇ, ನನಗೆ ಯಾವ ಕಡೆಯೂ ಇಲ್ಲ. ಆದರೂ ಹೇಳಿಬಿಡುತ್ತೇನೆ, ಅವಳು ಹೇಳಿದ್ದೇ ಸರಿ. ತಾತನಿಗೆ ಗೇಮ್ ಬಗ್ಗೆ ಏನು ಗೊತ್ತು ಅಂತ ಮೂತಿ ತಿರುಗಿಸುವ ಮೊದಲು ಪೂರ್ತಿ ಓದು.

ಲೈಬ್ರರಿಗೆ ಪುಸ್ತಕ ಬಂದ ಕೂಡಲೇ ನಾವು ಮಾಡುವ ಮೊದಲ ಕೆಲಸ ಅದನ್ನು ಅಕ್ಸೆಷನ್ ರಿಜಿಸ್ಟರಿಗೆ ಏರಿಸುವುದು. ಉದ್ದನೆಯ ದಪ್ಪ ಪುಸ್ತಕ, ಅಡ್ಡಡ್ಡ ಗೆರೆ. ಒಂದು ಪ್ರತಿಗೆ ಒಂದು ಸಾಲು, ಒಂದು ನಂಬರು. ಬಿಲ್ಲಿನ ತಾರೀಕು, ಬೆಲೆ, ಯಾವ ಅಂಗಡಿಯಿಂದ ಬಂತು ಎಲ್ಲ ಅದೇ ಸಾಲಿನಲ್ಲಿ. ಒಂದೇ ಕಾದಂಬರಿಯ ಐದು ಪ್ರತಿ ಬಂದರೆ ಐದು ಸಾಲು, ಐದು ನಂಬರು. ಆಮೇಲೆ ಕ್ಯಾಟಲಾಗಿನ ಕಾರ್ಡು. ಅಲ್ಲಿ ಆ ಐದಕ್ಕೂ ಸೇರಿ ಒಂದೇ ಕಾರ್ಡು. ರಿಜಿಸ್ಟರ್ ಇರುವುದು ಆಡಿಟ್‌ನವರಿಗೆ, ಕಾರ್ಡು ಇರುವುದು ಓದುವವರಿಗೆ. ಒಂದು ಲೆಕ್ಕ ದುಡ್ಡಿನದು, ಇನ್ನೊಂದು ಲೆಕ್ಕ ಕೃತಿಯದು. ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಶಾಸ್ತ್ರವಾಗಿ ಕಟ್ಟಿದ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಅವರ ಮನೆ ಮಲ್ಲೇಶ್ವರದಲ್ಲಿ, ನಿನ್ನ ಅತ್ತೆಯ ಬಡಾವಣೆಯಲ್ಲೇ ಇತ್ತು. 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಅಂತ ತರಬೇತಿ ಕೇಂದ್ರ ಶುರುಮಾಡಿದರು. ನಮ್ಮ ತಲೆಮಾರಿನ ಲೈಬ್ರರಿಯವರೆಲ್ಲ ಅವರ ಹೆಸರು ಹೇಳಿಕೊಂಡೇ ಅನ್ನ ತಿಂದವರು.

ಒಳಗಿನ ವಿಷಯ ಬೇರೆ ಇದ್ದರೆ ಬೇರೆ ಗೇಮ್ ಅಲ್ಲವಾ ಅಂತ ನೀನು ಕೇಳುತ್ತೀಯ. ಅಷ್ಟು ಸುಲಭವಲ್ಲ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದ ದೊಡ್ಡ ನಿಘಂಟು 8 ಸಂಪುಟ. ಒಂದೊಂದರಲ್ಲೂ ಬೇರೆ ಬೇರೆ ಪದಗಳು. ನಮ್ಮ ರಿಜಿಸ್ಟರಿನಲ್ಲಿ ಅದಕ್ಕೆ ಎಂಟು ನಂಬರು. ಹಾಗಂತ "ಪರಿಷತ್ತು ಎಂಟು ನಿಘಂಟು ಮಾಡಿದೆ" ಅಂತ ಯಾರಾದರೂ ಹೇಳುತ್ತಾರಾ? ಎಂಟೂ ಸೇರಿದರೆ ಒಂದು ನಿಘಂಟು. ಎಂಟರಲ್ಲೂ ಪದಗಳು ಬೇರೆ ಬೇರೆ, ಆದರೂ ಅದು ಒಂದೇ. ನಿನ್ನ ಸ್ಕಾರ್ಲೆಟ್ ವೈಲೆಟ್‌ಗಳಲ್ಲಿ ಬಹುಪಾಲು ಅದದೇ ಇದೆ. ಅದು ಎರಡಾಗುವುದು ಹೇಗೆ?

ನಿನ್ನ ಗೇಮನ್ನು ಸುಮ್ಮನೆ ಬೈಯುತ್ತಿಲ್ಲ. ನೀನು ಆಡುವಾಗ ಪಕ್ಕದಲ್ಲಿ ಕೂತು ನೋಡಿದ್ದೇನೆ, ಆಮೇಲೆ ಓದಿಯೂ ತಿಳಿದುಕೊಂಡಿದ್ದೇನೆ. ಎರಡರಲ್ಲೂ ಪಾಲ್ಡಿಯಾ ಅನ್ನುವ ಅದೇ ನಾಡು, ಅದೇ ಊರುಗಳು, ಅದೇ ದಾರಿಗಳು. ನೆಮೋನಾ, ಆರ್ವೆನ್, ಪೆನ್ನಿ ಅದೇ ಸ್ನೇಹಿತರು. ಕಥೆ ಹಿಡಿಯುವ ಮೂರು ಹಾದಿಗಳೂ ಒಂದೇ. ಬೇರೆ ಏನು? ನಿನ್ನದರಲ್ಲಿ ಪ್ರೊಫೆಸರ್ ಸಾಡಾ, ಅವಳದರಲ್ಲಿ ಪ್ರೊಫೆಸರ್ ಟ್ಯೂರೊ. ನೀನು ಸವಾರಿ ಮಾಡುವುದು ಕೊರೈಡಾನ್ ಮೇಲೆ, ಅವಳು ಮಿರೈಡಾನ್ ಮೇಲೆ. ನಿನ್ನ ಶಾಲೆಗೆ ಕಿತ್ತಳೆಯ ಹೆಸರು, ಅವಳ ಶಾಲೆಗೆ ದ್ರಾಕ್ಷಿಯ ಹೆಸರು. ನಿನ್ನ ಕಡೆ ಆರ್ಮರೂಜ್ ಸಿಗುತ್ತದೆ, ಅವಳ ಕಡೆ ಸೆರುಲೆಜ್. ಹೀಗೆ ಕೆಲವು ಪ್ರಾಣಿಗಳು ಅಲ್ಲಿ, ಕೆಲವು ಇಲ್ಲಿ. ಅಷ್ಟೇ ತಾನೆ? ವೈಲೆಟ್ ತಂದು ಹಾಕಿದರೆ ಮೊದಲ ದಿನದಿಂದ ಅದೇ ಶಾಲೆ, ಅದೇ ಬೆಟ್ಟ, ಅದೇ ಮಾತುಗಳನ್ನು ನೀನು ಮತ್ತೆ ದಾಟಬೇಕು. ಗೊತ್ತಿರುವ ಕಥೆಗೇ ಅಂಗಿ ಬದಲಿಸಿ ಮತ್ತೆ ಕೇಳಿದ ಹಾಗೆ.

ಇದನ್ನು ಮಾರುವವರೇ ಹೇಗೆ ಎಣಿಸುತ್ತಾರೆ ನೋಡು. 2022ರ ನವೆಂಬರ್ 18ಕ್ಕೆ ಎರಡೂ ಒಟ್ಟಿಗೆ ಬಿಡುಗಡೆಯಾದವು. ಮೂರು ದಿನದಲ್ಲಿ ಜಗತ್ತಿನಾದ್ಯಂತ 1 ಕೋಟಿ ಪ್ರತಿ ಮಾರಾಟವಾಯಿತು ಅಂತ ನಿಂಟೆಂಡೊ ಹೆಮ್ಮೆಯಿಂದ ಸಾರಿತು. ಆ 1 ಕೋಟಿ ಯಾವುದರ ಲೆಕ್ಕ ಅಂದುಕೊಂಡೆ? ಎರಡನ್ನೂ ಕೂಡಿಸಿದ್ದು! ದಾಖಲೆ ಹೇಳಿಕೊಳ್ಳುವಾಗ ಒಂದೇ ಆಟ, ನಿನ್ನಪ್ಪನ ಜೇಬಿನ ಮುಂದೆ ಬಂದಾಗ ಎರಡು ಆಟ. ಒಂದೊಂದಕ್ಕೆ ಅಮೆರಿಕದಲ್ಲಿ 60 ಡಾಲರ್, ನಮ್ಮ ದುಡ್ಡಿನಲ್ಲಿ 5 ಸಾವಿರಕ್ಕಿಂತ ಮೇಲೆ. ಒಂದು ತಿಂಗಳ ದಿನಸಿಯಲ್ಲಿ ದೊಡ್ಡ ಪಾಲು ಅದು, ನಿಮ್ಮಜ್ಜಿಯನ್ನು ಕೇಳಿ ನೋಡು.

ಹಾಗಾದರೆ ಎರಡು ಮಾಡಿದ್ದು ಬರೀ ದುಡ್ಡಿನಾಸೆಗಾ? ಈಗ ಹೌದೇನೋ. ಮೊದಲು ಹಾಗಿರಲಿಲ್ಲ, ಆ ಭಾಗವೇ ನನಗೆ ಇಷ್ಟವಾದದ್ದು. ಪೋಕೆಮಾನ್ ಆಟವನ್ನು ಕಲ್ಪಿಸಿದ ಸತೋಶಿ ತಾಜಿರಿ ಟೋಕಿಯೊ ಹೊರವಲಯದ ಮಚಿಡಾದಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ಅವರಿಗೆ ಹುಳ ಹಿಡಿಯುವ ಹುಚ್ಚು. ದೊಡ್ಡವರಾಗುವಷ್ಟರಲ್ಲಿ ಗದ್ದೆ, ಕೆರೆ, ತೋಪುಗಳೆಲ್ಲ ಹೋಗಿ ಊರು ಕಟ್ಟಡವಾಗಿತ್ತು. (ನಮ್ಮ ಬೆಂಗಳೂರಿನ ಕೆಂಪಾಂಬುಧಿ ಕೆರೆ ಏರಿಯ ಮೇಲೆ ನಿಂತವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.) ನಿಂಟೆಂಡೊದವರ ಗೇಮ್‌ಬಾಯ್ ಯಂತ್ರಕ್ಕೆ ಒಂದು ವೈರು ಸಿಕ್ಕಿಸಿ ಎರಡು ಯಂತ್ರ ಜೋಡಿಸಬಹುದಿತ್ತು. ಬೇರೆಯವರು ಅದರಲ್ಲಿ ಪೈಪೋಟಿಯ ಆಟ ಕಟ್ಟಿದರು. ತಾಜಿರಿಗೆ ಮಾತ್ರ ಆ ವೈರಿನ ಮೇಲೆ ಒಂದು ಹುಳ ಈ ಕಡೆಯಿಂದ ಆ ಕಡೆಗೆ ಹರಿದು ಹೋಗುವ ಹಾಗೆ ಕಂಡಿತಂತೆ. ನನ್ನ ಹತ್ತಿರ ಇಲ್ಲದ ಹುಳ ನಿನ್ನ ಹತ್ತಿರ ಇದೆ, ನಿನ್ನ ಹತ್ತಿರ ಇಲ್ಲದ್ದು ನನ್ನ ಹತ್ತಿರ ಇದೆ, ಬಾ, ಬದಲಾಯಿಸಿಕೊಳ್ಳೋಣ.

ಬದಲಾಯಿಸಿಕೊಳ್ಳಬೇಕಾದರೆ ಇಬ್ಬರ ಹತ್ತಿರವೂ ಒಂದೇ ಇರಬಾರದಲ್ಲ. ಅದಕ್ಕೇ 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಅದೇ ಗೇಮು ಕೆಂಪು, ಹಸಿರು ಅಂತ ಎರಡು ಬಣ್ಣದಲ್ಲಿ ಬಂತು. 1998ರಲ್ಲಿ ಅಮೆರಿಕಕ್ಕೆ ಹೋದಾಗ ಕೆಂಪು, ನೀಲಿ ಆಯಿತು. ಕೆಂಪಿನಲ್ಲಿ ಎಕಾನ್ಸ್ ಹಾವು ಸಿಗುತ್ತಿತ್ತು, ನೀಲಿಯಲ್ಲಿ ಸಿಗುತ್ತಿರಲಿಲ್ಲ. ನೀಲಿಯಲ್ಲಿ ಮಿಯೌತ್ ಬೆಕ್ಕು ಸಿಗುತ್ತಿತ್ತು, ಕೆಂಪಿನಲ್ಲಿ ಇಲ್ಲ. ಒಂದು ಡಬ್ಬಿ ಇಟ್ಟುಕೊಂಡು ಒಬ್ಬನೇ ಕೂತರೆ ಏನು ಮಾಡಿದರೂ ಹಿಡಿದ ಪ್ರಾಣಿಗಳ ಪಟ್ಟಿ ತುಂಬುತ್ತಿರಲಿಲ್ಲ. ಮನೆಯಿಂದ ಹೊರಗೆ ಹೋಗಿ ಇನ್ನೊಬ್ಬ ಹುಡುಗನನ್ನು ಹುಡುಕಲೇಬೇಕಿತ್ತು. ಗೇಮಿನಲ್ಲಿ ಬೇಕೆಂದೇ ಇಟ್ಟ ಆ ಕೊರತೆ ಇನ್ನೊಂದು ಮಗುವಿನ ಜೊತೆ ಸೇರಿ ತುಂಬಿಕೊಳ್ಳಲಿ ಅಂತ ಇಟ್ಟದ್ದು. ಅದನ್ನು ಇನ್ನೊಂದು ಡಬ್ಬಿ ಕೊಂಡು ತುಂಬುವವನು ಗೇಮಿನ ಅರ್ಧ ಭಾಗವನ್ನೇ ಆಡದೆ ಬಿಟ್ಟ ಹಾಗೆ.

ಆಮೇಲಾಮೇಲೆ ಅವರೂ ಎರಡಕ್ಕೂ ನಡುವೆ ಒಂದಿಷ್ಟು ಅಂತರ ತೋರಿಸಲು ಏನೇನೋ ಮಾಡಿದ್ದಾರೆ. ರೂಬಿ, ಸಫೈರ್ ಅನ್ನುವ ಪೋಕೆಮಾನ್ ಜೋಡಿಯಲ್ಲಿ ಖಳರ ಗುಂಪೇ ಅದಲು ಬದಲು. ಬ್ಲ್ಯಾಕ್‌ನಲ್ಲಿ ನಗರ ಇದ್ದ ಜಾಗದಲ್ಲಿ ವೈಟ್‌ನಲ್ಲಿ ಕಾಡು. 2016ರ ಸನ್, ಮೂನ್ ಇನ್ನೂ ಚಂದ. ಸನ್‌ನಲ್ಲಿ ಹೊತ್ತು ನಮ್ಮ ಗಡಿಯಾರದ ಪ್ರಕಾರವೇ ನಡೆದರೆ, ಮೂನ್‌ನಲ್ಲಿ 12 ಗಂಟೆ ವ್ಯತ್ಯಾಸ. ನೀನು ಬೆಳಗಿನ ಹಾಲು ಕುಡಿಯುತ್ತಾ ಆಡಿದರೆ ಅಲ್ಲಿ ರಾತ್ರಿ. ಎಂಥಾ ಯೋಚನೆ! ಹಾಗಿದ್ದರೂ ಅವು ಎರಡಾಗಲಿಲ್ಲ. ಬೆಳಕು ಬದಲಾಯಿಸಿದರೆ ನಾಟಕ ಬದಲಾಗುವುದಿಲ್ಲ.

ಜೋಡಿಯಾಗಿ ಬಂದದ್ದೆಲ್ಲ ಒಂದೇ ಅಂತ ನಾನು ಹೇಳುತ್ತಿಲ್ಲ, ಅದನ್ನೂ ಕೇಳಿಸಿಕೊ. 2001ರಲ್ಲಿ ಜೆಲ್ಡಾ ಸರಣಿಯಲ್ಲಿ ಒರಾಕಲ್ ಆಫ್ ಸೀಸನ್ಸ್, ಒರಾಕಲ್ ಆಫ್ ಏಜಸ್ ಅಂತ ಎರಡು ಒಂದೇ ದಿನ ಬಂದವು. ಅಲ್ಲಿ ನಾಡು ಬೇರೆ, ನೆಲಮಾಳಿಗೆಗಳು ಬೇರೆ, ಒಗಟುಗಳು ಬೇರೆ. ಒಂದರಲ್ಲಿ ಕೋಲು ಬೀಸಿ ಋತು ಬದಲಾಯಿಸಬೇಕು, ಇನ್ನೊಂದರಲ್ಲಿ ತಂತಿವಾದ್ಯ ನುಡಿಸಿ ಕಾಲದಲ್ಲಿ ಹಿಂದೆ ಮುಂದೆ ಹೋಗಬೇಕು. ಒಂದನ್ನು ಮುಗಿಸಿದರೆ ಒಂದು ಗುಪ್ತಪದ ಸಿಗುತ್ತದೆ. ಅದನ್ನು ಇನ್ನೊಂದಕ್ಕೆ ಕೊಟ್ಟು ಆಡಿದರೆ ಮಾತ್ರ ಇಡೀ ಕಥೆಯ ನಿಜವಾದ ಕೊನೆ. ಯಾವುದನ್ನು ಮೊದಲು ಆಡಿದರೂ ಸರಿ. ಅವು ಎರಡು ಗೇಮ್, ನನ್ನ ಆಕ್ಷೇಪವಿಲ್ಲ. ನಿನ್ನ ನೋಟ್‌ಬುಕ್ಕಿನಲ್ಲಿ ಎರಡು ನಂಬರು ಕೊಡು.

ಫೈರ್ ಎಂಬ್ಲೆಮ್ ಫೇಟ್ಸ್ ಅಂತ ಒಂದಿದೆ, 2015ರದು. ಅದು ನನ್ನನ್ನು ನಿಜವಾಗಿ ತಬ್ಬಿಬ್ಬು ಮಾಡಿತು. ನಾಯಕ ಹುಟ್ಟಿದ್ದು ಒಂದು ರಾಜವಂಶದಲ್ಲಿ, ಬೆಳೆದದ್ದು ಅದರ ಶತ್ರುವಿನ ಅರಮನೆಯಲ್ಲಿ. ಮೊದಲ ಕೆಲವು ಅಧ್ಯಾಯ ಎರಡು ಡಬ್ಬಿಯಲ್ಲೂ ಒಂದೇ. ಆಮೇಲೆ ಯುದ್ಧ ನಿಶ್ಚಯವಾಗುತ್ತದೆ, ಯಾವ ಕಡೆ ನಿಲ್ಲುತ್ತೀ ಅನ್ನುವ ಪ್ರಶ್ನೆ ಬರುತ್ತದೆ. ಹೆತ್ತವರ ಕಡೆ ಹೋಗುವ ಕಥೆ ಒಂದು ಡಬ್ಬಿ, ಸಾಕಿದವರ ಕಡೆ ಉಳಿಯುವ ಕಥೆ ಇನ್ನೊಂದು. ಇದು ನಮ್ಮ ಕರ್ಣನ ಕಥೆ ಅಲ್ಲವೇನೋ! ಗಮಕಿಗಳು ಕರ್ಣಭೇದನದ ಪ್ರಸಂಗ ಹಾಡುವಾಗ ಕೇಳಿದವರಿಗೆಲ್ಲ ಒಂದು ಸಲವಾದರೂ ಅನ್ನಿಸಿರುತ್ತದೆ, ಕೃಷ್ಣ ಹೇಳಿದ ಮೇಲೆ ಕರ್ಣ ಪಾಂಡವರ ಕಡೆ ಬಂದುಬಿಟ್ಟಿದ್ದರೆ ಏನಾಗುತ್ತಿತ್ತು ಅಂತ. ಕುಮಾರವ್ಯಾಸ ಒಂದನ್ನೇ ಬರೆದ. ಈ ಜಪಾನಿನವರು ಎರಡನ್ನೂ ಬರೆದು ಎರಡಕ್ಕೂ ಬೆಲೆ ಹಾಕಿದರು, ಸಾಲದು ಅಂತ ಮೂರನೆಯ ದಾರಿಯೊಂದನ್ನು ಡೌನ್‌ಲೋಡಿಗೆ ಇಟ್ಟರು. ಬುಡ ಒಂದೇ, ಹೊತ್ತ ಹಣ್ಣು ಬೇರೆ. ನಾನಾದರೆ ಎರಡು ಅಂತಲೇ ಎಣಿಸುತ್ತೇನೆ. ಒಂದನ್ನು ಆಡಿದವನಿಗೆ ಇನ್ನೊಂದರ ಕಥೆ ಗೊತ್ತಿರುವುದಿಲ್ಲ, ಆಡಿಯೇ ತಿಳಿಯಬೇಕು. ನನಗೆ ಅದೇ ಪರೀಕ್ಷೆ. ನಿನ್ನ ಸ್ಕಾರ್ಲೆಟ್ ಮುಗಿಸಿದವನಿಗೆ ವೈಲೆಟ್‌ನಲ್ಲಿ ತಿಳಿಯಲು ಉಳಿದಿರುವುದು ಎಷ್ಟು, ನೀನೇ ಹೇಳು.

ಈ ತಕರಾರು ಬರೀ ನಿಮ್ಮ ಗೇಮುಗಳದ್ದಲ್ಲ. 2023ರಲ್ಲಿ ಹೇಮಂತ್ ರಾವ್ ಅವರ "ಸಪ್ತ ಸಾಗರದಾಚೆ ಎಲ್ಲೋ" ಬಂತಲ್ಲ, ಸೈಡ್ ಎ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ನವೆಂಬರ್ 17ಕ್ಕೆ. ಹಳೆಯ ಕ್ಯಾಸೆಟ್ಟಿನ ಎರಡು ಮಗ್ಗುಲಿನ ಹೆಸರು. ನಿನ್ನಪ್ಪ ಎರಡು ಟಿಕೆಟ್ ತೆಗೆದ, ಮನೆಯಲ್ಲಿ ಎರಡು ಸಲ ಅತ್ತು ಮಾತಾಡಿದ್ದಾಯಿತು. ಆದರೆ ಸೈಡ್ ಎ ನೋಡದವನು ಸೈಡ್ ಬಿಗೆ ಹೋಗಿ ಕೂತರೆ ನಾಯಕ ಮನು ಯಾಕೆ ಹಾಗಿದ್ದಾನೆ ಅನ್ನುವುದೇ ತಿಳಿಯುವುದಿಲ್ಲ. ಎರಡು ಟಿಕೆಟ್ಟಿನ ಒಂದು ಸಿನಿಮಾ ಅದು ಅಂತ ನನ್ನ ತೀರ್ಪು. ಇನ್ನೂ ಹಿಂದೆ ಹೋದರೆ ಇದು ತಿರುಗಾಮುರುಗಾ. ತ.ರಾ.ಸು. ಅವರ "ನಾಗರಹಾವು", "ಒಂದು ಗಂಡು ಎರಡು ಹೆಣ್ಣು", "ಸರ್ಪಮತ್ಸರ" ಮೂರು ಕಾದಂಬರಿ. ನಮ್ಮ ಲೈಬ್ರರಿಯಲ್ಲಿ ಮೂರು ಕಾರ್ಡು. ಪುಟ್ಟಣ್ಣ ಕಣಗಾಲ್ 1972ರಲ್ಲಿ ಮೂರನ್ನೂ ಸೇರಿಸಿ "ನಾಗರಹಾವು" ಅಂತ ಒಂದೇ ಸಿನಿಮಾ ಮಾಡಿದರು. ಸಿನಿಮಾ ನೋಡಿ ಬಂದು "ಮೂರು ಕಾದಂಬರಿ ಓದಿದೆ" ಅಂತ ಹೇಳಿದ ಹುಡುಗರೂ ಇದ್ದರು, ಲೈಬ್ರರಿಯ ಕೌಂಟರಿನಲ್ಲಿ ಅಂಥವರನ್ನು ನಾನೇ ಹಿಡಿದಿದ್ದೇನೆ. ರಾಮಾಚಾರಿ ಬಗ್ಗೆ ಕೇಳಿದರೆ ಬರೀ ವಿಷ್ಣುವರ್ಧನ್ ಸ್ಟೈಲು ಹೇಳುತ್ತಿದ್ದರು.

ಲೆಕ್ಕ ಹೆಚ್ಚಿಸಿಕೊಳ್ಳುವ ಚಟ ಹೊಸದೇನಲ್ಲ ಅಂತ ಹೇಳಲು ಇಷ್ಟೆಲ್ಲ ಎಳೆದೆ. ನಿನ್ನಪ್ಪ ನಿನ್ನ ವಯಸ್ಸಿನಲ್ಲಿದ್ದಾಗ, ತೊಂಬತ್ತರ ದಶಕದಲ್ಲಿ, ಟಿವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆ ಮನೆಮನೆಗೂ ಬಂದಿತ್ತು. ಬೇಸಿಗೆ ರಜೆಯಲ್ಲಿ ಅವನನ್ನು ಮೆಜೆಸ್ಟಿಕ್ ಕಡೆಯ ಒಂದು ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಹಳದಿ ಕ್ಯಾಸೆಟ್ ಕೊಡಿಸಿದೆ. ಮೇಲೆ ಅಂಟಿಸಿದ ಚೀಟಿಯಲ್ಲಿ ಬಂದೂಕು ಹಿಡಿದ ಒಬ್ಬ ಗಟ್ಟಿಮುಟ್ಟಾದ ಆಳು, ಪಕ್ಕದಲ್ಲಿ "9999 ಇನ್ 1". ಒಂದರಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ! ಹುಡುಗ ದಾರಿಯುದ್ದಕ್ಕೂ ಅದನ್ನು ಕೈಯಲ್ಲೇ ಹಿಡಿದುಕೊಂಡು ಬಂದ. ಮನೆಗೆ ಬಂದು ಹಾಕಿದರೆ ಪರದೆಯ ಮೇಲೆ ಉದ್ದನೆಯ ಪಟ್ಟಿ, ಬಟನ್ ಒತ್ತಿದಷ್ಟೂ ಕೆಳಗೆ ಹೋಗುತ್ತದೆ. ಮೊದಲ ಪುಟದಲ್ಲಿ ಮಾರಿಯೊ, ಕಾಂಟ್ರಾ, ಬಾತುಕೋಳಿ ಹೊಡೆಯುವುದು, ಕಾರು ಓಡಿಸುವುದು. ಎರಡನೆಯ ಪುಟದಲ್ಲೂ ಅವೇ, ಹೆಸರು ಚೂರು ಬೇರೆ. ಒಂದರಲ್ಲಿ ಮಾರಿಯೊ ಎರಡನೆಯ ಹಂತದಿಂದ ಶುರು, ಇನ್ನೊಂದರಲ್ಲಿ ನಾಲ್ಕನೆಯ ಹಂತದಿಂದ, ಮತ್ತೊಂದರಲ್ಲಿ ಕಾಂಟ್ರಾದವನಿಗೆ ಹೆಚ್ಚು ಪ್ರಾಣ. ಅವನು ನೆಲದ ಮೇಲೆ ಕೂತು ಪೆನ್ಸಿಲ್‌ನಲ್ಲಿ ಗೀಟು ಹಾಕಿ ಎಣಿಸಿದ. ನಿಜವಾದ ಆಟಗಳು ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಅವುಗಳದ್ದೇ ವೇಷ. ಆ ಕಾಲದಲ್ಲಿ ಅಂಥ ಕ್ಯಾಸೆಟ್ಟುಗಳೆಲ್ಲ ಹಾಗೇ ಇದ್ದವು, ಅಂಗಡಿಯವನಿಗೂ ಗೊತ್ತು, ಕೊಳ್ಳುವ ನಮಗೂ ಒಳಗೊಳಗೆ ಗೊತ್ತು. ಹುಡುಗ ಅತ್ತನಾ ಅಂತ ಕೇಳಬೇಡ. ಆ ಬೆರಳೆಣಿಕೆಯ ಆಟಗಳನ್ನೇ ರಜೆಯೆಲ್ಲ ಬೀದಿಯ ಹುಡುಗರನ್ನು ಕೂಡಿಸಿಕೊಂಡು ಆಡಿದ. ಹೊರಗೆ ಬಿಟ್ಟಿದ್ದ ಚಪ್ಪಲಿಗಳ ಮೇಲೆ ಕಾಲಿಟ್ಟು ನಿಮ್ಮಜ್ಜಿ ದಿನಾ ಬೈಯುತ್ತಿದ್ದಳು.

ನಿನ್ನ ಪರವಾಗಿಯೂ ಒಂದು ಮಾತು ಇದೆ, ಅದನ್ನು ನೀನು ಹೇಳಲಿಲ್ಲ, ನಾನೇ ಹೇಳುತ್ತೇನೆ. ಆಟ ಒಂದಾದರೂ ಆಡಿದ್ದು ಎರಡು. ನೀನು ಮೊದಲಿಗೆ ಬೆಂಕಿಯ ಮೊಸಳೆಯನ್ನು ಆರಿಸಿಕೊಂಡೆ, ಅವಳು ಹುಲ್ಲಿನ ಬೆಕ್ಕನ್ನು. ನೀನು ನಿನ್ನ ಮೊಸಳೆಗೆ ನಮ್ಮ ಬೀದಿ ನಾಯಿಯ ಹೆಸರಿಟ್ಟೆ. ಅವಳು ಕಥೆ ಬಿಟ್ಟು ಬೆಟ್ಟ ಹತ್ತುತ್ತಾ ವಾರಗಟ್ಟಲೆ ಕಳೆದಳು, ನೀನು ಓಡಿ ಓಡಿ ಮುಗಿಸಿದೆ. ಒಂದೇ ಕಾದಂಬರಿಯ ಐದು ಪ್ರತಿಗಳನ್ನು ಐದು ಜನ ಓದಿ ವಾಪಸು ಕೊಟ್ಟಾಗಲೂ ಹೀಗೇ. ಒಬ್ಬನ ಪ್ರತಿಯಲ್ಲಿ ಕಾಫಿ ಕಲೆ, ಇನ್ನೊಬ್ಬಳ ಪ್ರತಿಯಲ್ಲಿ ಅಂಚಿನಲ್ಲಿ ಗೆರೆ. ಆ ಲೆಕ್ಕದಲ್ಲಿ ನಿಮ್ಮಿಬ್ಬರದೂ ಎರಡು, ಖಂಡಿತ. ಆದರೆ ಆ ಎರಡನ್ನು ಹುಟ್ಟಿಸಿದ್ದು ನೀವು, ಡಬ್ಬಿಯ ಬಣ್ಣ ಅಲ್ಲ. ಇಬ್ಬರಿಗೂ ಸ್ಕಾರ್ಲೆಟ್ಟೇ ಇದ್ದಿದ್ದರೂ ಅವು ಎರಡಾಗುತ್ತಿದ್ದವು. ನೀನೊಬ್ಬನೇ ಎರಡನ್ನೂ ಕೊಂಡರೆ ಏನಾಗುತ್ತದೆ? ಎರಡೂ ನಿನ್ನವೇ ಆಗುತ್ತವೆ.

ಇನ್ನೊಂದು ಪ್ರಾಯೋಗಿಕ ತೊಂದರೆ ಇದೆ, ನೀನು ಯೋಚಿಸಿದ ಹಾಗೆ ಕಾಣಲಿಲ್ಲ. ನಿನ್ನ ಹತ್ತಿರ ಇರುವ ನಿಂಟೆಂಡೊ ಸ್ವಿಚ್ ಯಂತ್ರ ಒಂದೇ. ಎರಡು ಗೇಮ್ ಕಾರ್ಡ್ ಇದ್ದರೂ ಒಂದು ಸಲಕ್ಕೆ ಒಂದೇ ಓಡುತ್ತದೆ. ಅದರಿಂದ ಇದಕ್ಕೆ ಪೋಕೆಮಾನ್ ನೇರವಾಗಿ ಬದಲಾಯಿಸಿಕೊಳ್ಳಲು ಎದುರಿಗೆ ಇನ್ನೊಂದು ಯಂತ್ರ ಬೇಕು. ಹೋಮ್ ಅನ್ನುವ ಇನ್ನೊಂದು ಆಪ್ ಹಾಕಿ ಸುತ್ತಿಬಳಸಿ ಸಾಗಿಸಬಹುದು, ನಿಜ. ಅದು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದ ಹಾಗೆ, ಏನು ಸುಖ? ಇಂಟರ್‌ನೆಟ್ಟಿನಲ್ಲಿ ಯಾರ ಜೊತೆಗೋ ಬದಲಾಯಿಸಿಕೊಳ್ಳಲು ಅವರಿಗೆ ವರ್ಷಕ್ಕಿಷ್ಟು ಅಂತ ಚಂದಾ ಕಟ್ಟಬೇಕು. ಪಕ್ಕಪಕ್ಕ ಕೂತು ಬದಲಾಯಿಸಿಕೊಂಡರೆ ಒಂದು ಪೈಸೆಯೂ ಇಲ್ಲ.

ಆದ್ದರಿಂದ ವೈಲೆಟ್ ಬೇಡ ಅಂತ ನೀನೇ ಅಪ್ಪನಿಗೆ ಹೇಳು, ನಾನು ಹೇಳಿಸಿದೆ ಅಂತ ಹೇಳಬೇಡ. ಹುಟ್ಟುಹಬ್ಬಕ್ಕೆ ಬೇರೆ ಏನಾದರೂ ಕೇಳು. ಜೋಡಿಯಿಲ್ಲದ ಪೋಕೆಮಾನ್ ಗೇಮೂ ಇದೆ, ಅದೇ 2022ರ ಜನವರಿಯಲ್ಲಿ ಬಂದ ಲೆಜೆಂಡ್ಸ್ ಆರ್ಸಿಯಸ್. ಅದು ಪಟ್ಟಿಗೆ ಸೇರಿದರೆ ನನ್ನ ತಕರಾರಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿಕೊಂಡು ಅತ್ತೆ ಮನೆಗೆ ಹೋಗು. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಸೀದಾ ಸಂಪಿಗೆ ರಸ್ತೆ, ನಡುವೆ ಬದಲಾಯಿಸುವ ರಗಳೆ ಇಲ್ಲ. ನಿನ್ನ ಆರ್ಮರೂಜ್ ಅವಳಿಗೆ ಕೊಡು, ಅವಳ ಸೆರುಲೆಜ್ ನೀನು ತೆಗೆದುಕೊ. "ನೀನು ಹೇಳಿದ್ದೇ ಸರಿ" ಅಂತ ಒಂದು ಮಾತು ಅವಳಿಗೆ ಹೇಳಿದರೆ ನಿನ್ನ ಗಂಟೇನೂ ಹೋಗುವುದಿಲ್ಲ. ಹೊರಡುವ ಮೊದಲು ಅತ್ತೆಗೆ ಫೋನ್ ಮಾಡು, ಚಾರ್ಜರ್ ಮರೆಯಬೇಡ, ಕತ್ತಲಾಗುವುದರೊಳಗೆ ಮನೆಗೆ ಬಾ.